ನಾಲ್ಕು ಚೌಕಗಳು

ಬಣಕಲ್
೧೮ ಫೆಬ್ರವರಿ ೨೦೧೦, ಗುರುವಾರ

ಪ್ರೀತಿಯ ಭುವನಾ,

ಈ ಕಾಗದವನ್ನು ನಿನ್ನ ಕೈಗೇ ಕೊಡಬೇಕು, ಮೇಜಿನ ಮೇಲಿಟ್ಟು ಹೋಗಬಾರದು ಎಂದು ಕೆಲಸದ ಗಿಡ್ಡಮ್ಮನಿಗೆ ಮೂರು ಸಲ ಹೇಳಿ ಕಳಿಸಿದ್ದೇನೆ. ಅವಳು 'ಅದೇನು ಬಾಂಬಾ ಅಮ್ಮಾ?' ಎಂದು ನಕ್ಕಳು. ಇಲ್ಲಿಂದ ಕೊಟ್ಟಿಗೆಹಾರಕ್ಕೆ ಬಸ್ಸಿನಲ್ಲಿ ಎಷ್ಟು ಹೊತ್ತಿನ ದಾರಿ? ನಾನೇ ಬಂದು ನಿನ್ನ ಎದುರು ಕೂತು ಹೇಳಬೇಕಾದ ಮಾತು ಇದು. ಆದರೆ ಬಂದರೆ ಏನಾಗುತ್ತದೆ ಎಂದು ನನಗೆ ಗೊತ್ತು. ನೀನು ಕಾಫಿ ಕೊಡುತ್ತೀಯ, 'ಯಾಕೆ ರುದ್ರಕ್ಕ, ಮುಖ ಸಪ್ಪಗಿದೆ?' ಎನ್ನುತ್ತೀಯ, ನಾನು ಮಂಡಿನೋವು ಎಂದು ಹೇಳಿ ಎದ್ದು ಬರುತ್ತೇನೆ. ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ಹಾಗೇ ಆಗಿದೆ. ನನ್ನ ಮಂಡಿಗೆ ಏನೂ ಆಗಿಲ್ಲ ಮಾರಾಯ್ತಿ, ಗಟ್ಟಿಯಾಗಿದೆ. ನೀನು ಪಾಪ ಆ ಮಂಡಿಗೆಂದು ಎಣ್ಣೆ ಕಾಯಿಸಿ ಬಾಟಲಿಯಲ್ಲಿ ತುಂಬಿ ಕೊಟ್ಟೆ. ಅದು ಇನ್ನೂ ಹಾಗೇ ಇದೆ.

ಮೊನ್ನೆ ಮಂಗಳವಾರ ನಿನ್ನ ಭಾವ ಓಂಕಾರಮೂರ್ತಿಯವರು ನಮ್ಮ ಮನೆಗೆ ಬಂದಿದ್ದರು. ನಿನ್ನ ಪಾಲಿನ ತೋಟವನ್ನು ಯುಗಾದಿಯಿಂದ ಚಿಕ್ಕಮಗಳೂರಿನ ಯಾವುದೋ ಪಾರ್ಟಿಗೆ ಹತ್ತು ವರ್ಷದ ಲೀಸಿಗೆ ಕೊಡುತ್ತಾರಂತೆ. ಬರುವ ಸೋಮವಾರ ಮೂಡಿಗೆರೆಯ ಅವರ ಮನೆಯಲ್ಲಿ ಕಾಗದಕ್ಕೆ ಸಹಿ. ನಮ್ಮ ಮನೆಯವರು ಸಾಕ್ಷಿ ಹಾಕಬೇಕಂತೆ. 'ಒಂದು ವರ್ಷ ನೋಡಾಣ ಅಂದಿದ್ದೆ, ನೋಡಿ ಆಯ್ತಲ್ಲ ಗಂಗಾಧರಪ್ಪ. ಫೋನಲ್ಲಿ ಬೊಂಬೆ ಕಳ್ಸ್ಕಂಡು ಕೂರೋ ಹೆಂಗ್ಸು ತೋಟ ಏನು ಮಾಡ್ತಾಳೆ?' ಎಂದು ನಕ್ಕರು. ಇವರೂ ನಕ್ಕರು. ನಾನು ಏನು ಮಾಡಿದೆ ಗೊತ್ತಾ? ಭಾವನವರ ತಟ್ಟೆಗೆ ಇನ್ನೊಂದು ಸೌಟು ಉಪ್ಪಿಟ್ಟು ಹಾಕಿದೆ. ತುಪ್ಪ ಬೇಕಾ ಎಂದು ಕೇಳಿದೆ. ಅವರು ಹೋದ ಮೇಲೆ ಒಳಗೆ ಹೋಗಿ ಬಾಯಿಗೆ ಸೆರಗು ತುರುಕಿಕೊಂಡು ಅತ್ತೆ. ಆದರೆ ಆಗ ಅತ್ತು ಯಾರಿಗೆ ಏನು ಉಪಯೋಗ, ಮಾತಾಡಬೇಕಾದ ಹೊತ್ತಿನಲ್ಲಿ ತುಪ್ಪದ ಬಟ್ಟಲು ಹಿಡಿದು ನಿಂತಿದ್ದೆನಲ್ಲ.

ಇನ್ನು ಮುಂದೆ ನಿನಗೆ ಗೊತ್ತಿರುವುದನ್ನೂ ಸೇರಿಸಿ ಬರೆಯುತ್ತೇನೆ. ಈ ಕಾಗದವನ್ನು ಭಾವನವರೂ ಓದಬೇಕಾಗಬಹುದು, ಅವರಿಗೂ ಮೊದಲಿನಿಂದ ತಿಳಿಯಲಿ.

ನಮ್ಮಿಬ್ಬರ ಮನೆಗೆ ಸೇರಿ ಸ್ಪ್ರಿಂಕ್ಲರ್ ಸೆಟ್ ಒಂದೇ. ನಿನ್ನ ಯಜಮಾನರು ಇದ್ದಾಗ ಇವರೂ ಅವರೂ ಸೇರಿ ತಂದದ್ದು. ಪೈಪು ಯಾರ ತೋಟಕ್ಕೆ ಮೊದಲು ಹೋಗಬೇಕು ಎಂದು ಎರಡನೇ ವರ್ಷವೇ ಜಗಳವಾಗಿ, ಆಮೇಲೆ ಇಬ್ಬರೂ ಕೂತು ಒಂದು ಕಟ್ಟು ಮಾಡಿಕೊಂಡರು. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಅರೆಬರೆ ಬಿದ್ದ ತೋಟಕ್ಕೆ ಮೊದಲು. ಒಂದು ಹನಿಯೂ ಬೀಳದ ತೋಟ ಕಾಯಬಹುದು, ಅಲ್ಲಿ ಮೊಗ್ಗು ಇನ್ನೂ ಮಲಗಿರುತ್ತದೆ. ಕಾಲು ಇಂಚು ಬಿದ್ದು ನಿಂತುಹೋದ ತೋಟದಲ್ಲಿ ಮೊಗ್ಗು ಎದ್ದು ಕೂತಿರುತ್ತದೆ. ಅದಕ್ಕೆ ಮೂರು ನಾಲ್ಕು ದಿನದೊಳಗೆ ನೀರು ಕೊಡದಿದ್ದರೆ ಹೂವಾಗುವ ಮೊದಲೇ ಸುಟ್ಟುಹೋಗುತ್ತದೆ. ಒಂದು ಇಂಚು ಪೂರ್ತಿ ಬಿದ್ದವರಿಗೆ ಪೈಪಿನ ಅಗತ್ಯವೇ ಇಲ್ಲ. ಯಾರಿಗೆ ಎಷ್ಟು ಬಿತ್ತು ಎನ್ನುವುದರಲ್ಲಿ ಬಾಯಿಮಾತು ಬೇಡ, ಬೆಳೆಗಾರರ ಫೋರಂನಲ್ಲಿ ಬೆಳಿಗ್ಗೆ ಬರುವ ಮಳೆಪಟ್ಟಿಯೇ ಸಾಕ್ಷಿ ಎಂದು ಮಾತಾಯಿತು. ಇಂಟರ್ನೆಟ್ಟಿನ ಆ ಫೋರಂನಲ್ಲಿ ನಮ್ಮ ಕಡೆಯ ಪಟ್ಟಿ ಹಾಕುವವಳು ನಾನು. ದಿನಾ ಎಂಟು ಗಂಟೆಯೊಳಗೆ ಎಲ್ಲರ ಲೆಕ್ಕ ಓದಿ, ಇಂಥವರ ತೋಟದಲ್ಲಿ ಇಷ್ಟು ಸೆಂಟ್ಸ್ ಎಂದು ಬರೆದು ಹಾಕುತ್ತಿದ್ದೆ. ನೂರು ಸೆಂಟ್ಸಿಗೆ ಒಂದು ಇಂಚು.

ಆಮೇಲೆ ನಿನ್ನ ತಮ್ಮ ಪ್ರಸನ್ನಕುಮಾರ್ ಹಾಂಕಾಂಗಿನಿಂದ ಆ ಎರಡು ಫೋನು ತಂದ. ಒಂದು ನಿನಗೆ, ಒಂದು ನನಗೆ. 'ಅಕ್ಕನ ಜತೆಗಾತಿ ನೀವು, ಇಬ್ಬರೂ ಮಾತಾಡ್ಕೊಳ್ಳಿ' ಎಂದ. ನಿನ್ನ ಮನೆಯಲ್ಲಿ ಸಿಗ್ನಲ್ ಎಲ್ಲಿ ಬರುತ್ತದೆ, ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಒಂದು ಕಡ್ಡಿ. ಮಾತಾಡಿದರೆ ಕತ್ತರಿಸಿಕೊಳ್ಳುತ್ತದೆ, ಬರೆದದ್ದು ಮಾತ್ರ ಹೇಗೋ ಹೋಗುತ್ತದೆ. ಕನ್ನಡ ಅದರಲ್ಲಿ ಬರುವುದಿಲ್ಲ, ಇಂಗ್ಲಿಷ್ ಬರೆಯಲು ನಿನಗೆ ಸಂಕೋಚ. ಆದರೆ ಆ ಫೋನಿನೊಳಗೆ ಸಣ್ಣ ಸಣ್ಣ ಬಣ್ಣದ ಬೊಂಬೆಗಳಿದ್ದವು. ಕೊಡೆ, ಸೂರ್ಯ, ಹೂವು, ಮುಗಿದ ಕೈ, ಅಳುವ ಮುಖ, ನಗುವ ಮುಖ. ನೀನು ಅದರಲ್ಲೇ ಮಳೆಯ ಲೆಕ್ಕ ಕಳಿಸಲು ಶುರು ಮಾಡಿದೆ. ಒಂದು ಕೊಡೆ ಅಂದರೆ ಇಪ್ಪತ್ತೈದು ಸೆಂಟ್ಸ್. ಒಂದು ಸೂರ್ಯ ಅಂದರೆ ಒಂದು ದಿನದ ಒಣಬಿಸಿಲು. ಮುಗಿದ ಕೈ ಅಂದರೆ ಸೆಟ್ ಕಳಿಸಿ.

ಫೋರಂನಲ್ಲಿ ಆ ಬೊಂಬೆಗಳು ಯಾರಿಗೂ ಕಾಣಲಿಲ್ಲ. ನಮ್ಮ ಕಂಪ್ಯೂಟರಿನಲ್ಲಿ ಖಾಲಿ ಚೌಕ, ಕೆಲವರಿಗೆ ಪ್ರಶ್ನೆ ಚಿಹ್ನೆ. ಕೊಡೆಯೂ ಚೌಕ, ಸೂರ್ಯನೂ ಚೌಕ, ಅಳುವ ಮುಖವೂ ಚೌಕ. ಎಂಥಾ ಗಲಾಟೆ! ವಸ್ತಾರೆಯ ರುದ್ರಪ್ಪನವರು 'ಕೊಟ್ಟಿಗೆಹಾರದಲ್ಲಿ ಕಾಫಿ ಬಿಟ್ಟು ಇಟ್ಟಿಗೆ ಬೆಳೀತಿದ್ದಾರಾ?' ಎಂದು ಬರೆದರು. ಇನ್ನೊಬ್ಬರು ವೈರಸ್ ಇರಬೇಕು ಎಂದು ಹೆದರಿ ಎರಡು ದಿನ ಕಂಪ್ಯೂಟರನ್ನೇ ಹಚ್ಚಲಿಲ್ಲ. ಆ ಹೆಣ್ಣುಮಗಳಿಗೆ ಸುಮ್ಮನೆ ನಂಬರ್ ಹಾಕಲು ಹೇಳಿ ಎಂದು ಎಲ್ಲರೂ ನನಗೆ ಹೇಳಿದರು. ಹೇಳಬೇಕಿತ್ತು. ನೀನೂ ಕೇಳಿದೆ, '25 ಅಂತ ಹಾಕ್ಲಾ ರುದ್ರಕ್ಕ?' ಎಂದು. ಬೇಡ, ಬೊಂಬೆಯನ್ನೇ ಕಳಿಸು, ಓದಿ ಬರೆಯಲು ನಾನಿಲ್ಲವಾ ಎಂದವಳು ನಾನೇ. ಯಾಕೆಂದರೆ ನಿನ್ನ ಯಜಮಾನರು ಹೋಗಿ ಹದಿನಾಲ್ಕು ತಿಂಗಳಾದ ಮೇಲೆ ನೀನು ಮೊದಲು ನಕ್ಕದ್ದು ಆ ಬೊಂಬೆಗಳನ್ನು ಒತ್ತುತ್ತಾ. ಅದೊಂದು ಮಾತು ಮಾತ್ರ ನಾನು ಒಳ್ಳೆಯ ಮನಸ್ಸಿನಿಂದ ಆಡಿದ್ದು. ನಂಬು.

ನನ್ನ ಫೋನಿನ ಚಾರ್ಜರ್ ಮೊದಲ ತಿಂಗಳೇ ಸುಟ್ಟಿತು, ಫೋನು ಬೀರು ಸೇರಿತು, ಅದು ನಿನಗೆ ಗೊತ್ತೇ ಇದೆ. ಹಾಗಾಗಿ ಚೌಕ ಬಂದ ದಿನವೆಲ್ಲ ಮನೆಯ ಲ್ಯಾಂಡ್‌ಲೈನಿನಿಂದ ನಿನಗೆ ಫೋನ್ ಮಾಡಿ, ಲೈನು ಕತ್ತರಿಸುವ ಮೊದಲು 'ಕೊಡೆನಾ ಸೂರ್ಯನಾ?' ಎಂದು ಕೇಳಿಕೊಳ್ಳುತ್ತಿದ್ದೆ. ಬರಬರುತ್ತಾ ಕೇಳುವುದೂ ಬೇಕಾಗಲಿಲ್ಲ, ಚೌಕ ನೋಡಿದರೆ ಊಹೆ ಹೊಳೆಯುತ್ತಿತ್ತು. ರುದ್ರಾಣಮ್ಮನಿಗೆ ಚೌಕ ಓದಲು ಬರುತ್ತದೆ ಎಂದು ಫೋರಂನಲ್ಲೆಲ್ಲ ಹೆಸರಾಯಿತು. ನೀನೂ ಬೆರಗಾಗುತ್ತಿದ್ದೆ, 'ನಿಂಗೆ ಹೆಂಗೆ ಗೊತ್ತಾಗುತ್ತೆ ಮಾರಾಯ್ತಿ!' ಎಂದು. ನನಗೆ ಅದು ಬಹಳ ಹಿತವಾಗಿತ್ತು.

ಈಗ ಆ ದಿನದ್ದು ಹೇಳುತ್ತೇನೆ.

ಕಳೆದ ಮಾರ್ಚ್ ಹನ್ನೊಂದು, ಬುಧವಾರ. ನಮ್ಮಲ್ಲಿ ಒಂದು ಹನಿ ಬಿದ್ದಿರಲಿಲ್ಲ. ಬೆಳಿಗ್ಗೆ ಪಟ್ಟಿ ಬರೆಯಲು ಕೂತೆ. ನಿನ್ನ ಹೆಸರಿನ ಮುಂದೆ ನಾಲ್ಕು ಚೌಕ ಇತ್ತು. ನಾಲ್ಕು ಕೊಡೆಯಾದರೆ ಒಂದು ಇಂಚು, ನಿನಗೆ ಸೆಟ್ ಬೇಡ. ಅದರಲ್ಲಿ ಒಂದೆರಡೇ ಕೊಡೆಯಾದರೆ ಸೆಟ್ ನಿನಗೆ. ನಮ್ಮ ಮನೆಯವರು ಹೊರಗೆ ಜೀಪಿನ ಹತ್ತಿರ ನಿಂತು 'ಏನಾಯ್ತೇ, ಪೈಪು ಎಲ್ಲಿಗೆ?' ಎಂದು ಕೂಗುತ್ತಿದ್ದರು. ನಾನು 'ಕೊಟ್ಟಿಗೆಹಾರ, ನೂರು ಸೆಂಟ್ಸ್' ಎಂದು ಟೈಪ್ ಮಾಡಿದೆ. ಪೈಪು ನಮ್ಮ ತೋಟಕ್ಕೆ ಇಳಿಯಿತು.

ಅವತ್ತು ನಿನಗೆ ಫೋನ್ ಮಾಡಿದೆ, ಸಿಗಲಿಲ್ಲ ಎಂದು ನಾನು ಎಲ್ಲರಿಗೂ ಹೇಳಿದ್ದೇನೆ. ನಿನಗೂ ಹೇಳಿದ್ದೇನೆ, ದೇವರಾಣೆ ಹಾಕಿ ಹೇಳಿದ್ದೇನೆ. ಅದು ಸುಳ್ಳು ಭುವನಾ. ನಾನು ಫೋನ್ ಮಾಡಲೇ ಇಲ್ಲ. ಲ್ಯಾಂಡ್‌ಲೈನು ಕಂಪ್ಯೂಟರಿನ ಪಕ್ಕದಲ್ಲೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ಚಾಚಲಿಲ್ಲ.

ಯಾಕೆ ಎಂದು ನೀನು ಕೇಳುತ್ತೀಯ. ಹಿಂದಿನ ವರ್ಷ ಸೆಟ್ ನಿನ್ನಲ್ಲಿಗೆ ಮೊದಲು ಹೋಗಿ, ನಮಗೆ ಬರುವಷ್ಟರಲ್ಲಿ ನಮ್ಮ ಹಳ್ಳದಲ್ಲಿ ನೀರು ತಳ ಕಂಡಿತ್ತು. ಅರ್ಧ ತೋಟಕ್ಕೆ ಮಾತ್ರ ನೀರಾಯಿತು. ಅದು ಮನಸ್ಸಿನಲ್ಲಿತ್ತು. ಆದರೆ ಅದಷ್ಟೇ ಆಗಿದ್ದರೆ ನಾನು ಜಗಳವಾಡುತ್ತಿದ್ದೆ, ನನಗೇನು ಜಗಳ ಬರುವುದಿಲ್ಲವೇ? ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚು. ನಮ್ಮ ಮನೆಯವರು ನಿನ್ನ ತೋಟಕ್ಕೆ ಹೋಗಿ ಬಂದಾಗಲೆಲ್ಲ ಊಟಕ್ಕೆ ಕೂತು ಅದನ್ನೇ ಹೇಳುತ್ತಿದ್ದರು. ಭುವನಾ ಚಿಗುರು ತೆಗೆಸಿದ್ದು ನೋಡಬೇಕು, ಭುವನಾ ನೆರಳುಮರದ ಕೊಂಬೆ ಕಡಿಸಿದ್ದು ನೋಡಬೇಕು, ಹೆಂಗಸಾದರೂ ಒಬ್ಬಳೇ ಹೇಗೆ ನಿಭಾಯಿಸುತ್ತಾಳೆ. ಇಪ್ಪತ್ತೆರಡು ವರ್ಷದಿಂದ ಆಳುಗಳಿಗೆ ಬೇಯಿಸಿ ಹಾಕಿ, ಕಣದಲ್ಲಿ ಕಾಫಿ ಹರಡಿಸಿ, ಇವರಿಗೆ ಜ್ವರ ಬಂದ ವರ್ಷ ಪೂರ್ತಿ ಕೊಯ್ಲು ಮುಗಿಸಿದವಳು ನಾನು. ನನ್ನ ಬಗ್ಗೆ ಯಾರ ಮನೆಯ ಊಟದಲ್ಲೂ ಇವರು ಒಂದು ಮಾತು ಆಡಿರಲಿಕ್ಕಿಲ್ಲ. ಒಂದು ವರ್ಷ, ಒಂದೇ ಒಂದು ವರ್ಷ ನಮ್ಮ ಹೂವು ಅವಳದ್ದಕ್ಕಿಂತ ಚೆನ್ನಾಗಿರಲಿ ಎಂದುಕೊಂಡೆ. ಹೀಗೆ ಬರೆದರೆ ಎಷ್ಟು ಸಣ್ಣದಾಗಿ ಕಾಣುತ್ತದೆ ನೋಡು. ಇಷ್ಟು ಸಣ್ಣದಕ್ಕೆ ನಿನ್ನ ತೋಟ ಹೋಯಿತು.

ತೋಟ ನಡೆಸಿ ತೋರಿಸಲು ಭಾವನವರು ನಿನಗೆ ಒಂದೇ ವರ್ಷದ ಗಡುವು ಕೊಟ್ಟಿದ್ದು ನನಗೆ ಗೊತ್ತಿತ್ತು. ಅದು ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಯಿತು, ಬರೆದು ಹೊಡೆದುಹಾಕಿದ್ದೇನೆ, ಮೇಲೆ ಆ ಗೀಚು ಕಾಣುತ್ತಿರಬಹುದು.

ಆರನೇ ದಿನ ನೀನೇ ಬಸ್ಸು ಹತ್ತಿ ಬಂದೆ. ಸೆಟ್ ಯಾಕೆ ಬರಲಿಲ್ಲ ರುದ್ರಕ್ಕ ಎಂದು ಮೆಟ್ಟಿಲ ಮೇಲೆಯೇ ಕೇಳಿದೆ. ನಾನು ನಿನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿ ನಾಲ್ಕು ಚೌಕ ತೋರಿಸಿದೆ. ಎರಡು ದಿನ ಸಿಗ್ನಲ್ ಇಲ್ಲದೆ ಅವತ್ತು ನೀನು ಕಳಿಸಿದ್ದು ಒಂದು ಕೊಡೆ, ಎರಡು ಸೂರ್ಯ, ಒಂದು ಮುಗಿದ ಕೈ. ಕಾಲು ಇಂಚು ಬಿದ್ದು ಎರಡು ದಿನವಾಯಿತು, ಸೆಟ್ ಕಳಿಸಿ. ಇನ್ನೇನು ಬೈಯುತ್ತಾಳೆ ಎಂದು ನಾನು ಕಾಯುತ್ತಿದ್ದೆ. ಬೈದಿದ್ದರೆ ಬಹುಶಃ ಅವತ್ತೇ ಒಪ್ಪಿಕೊಂಡುಬಿಡುತ್ತಿದ್ದೆ. ನೀನು ಹಣೆ ಚಚ್ಚಿಕೊಂಡು, 'ಅಯ್ಯೋ ನಂದೇ ತಪ್ಪು ಕಣೇ, ನಂಬರ್ ಹಾಕಿದ್ರೆ ಆಗ್ತಿತ್ತು' ಎಂದೆ. ಊಟ ಮಾಡು ಎಂದರೆ ಬೇಡವೆಂದೆ. ಹೋಗುವಾಗ ತಿರುಗಿ ಬಂದು, ಫೋರಂನವರಿಗೆಲ್ಲ ಗೊಂದಲವಾಯಿತು, ನನ್ನ ಹೆಸರಲ್ಲಿ ಒಂದು ಕ್ಷಮೆ ಬರೆದು ಹಾಕು ಎಂದೆ. ಬರೆದೆನಲ್ಲ, ಈ ಕೈಯಲ್ಲೇ ಬರೆದೆ. 'ನನ್ನ ಫೋನಿನ ಬೊಂಬೆಗಳಿಂದ ತೊಂದರೆಯಾಯಿತು, ಎಲ್ಲರೂ ಮನ್ನಿಸಬೇಕು.' ಅದರ ಕೆಳಗೆ ಹದಿನಾಲ್ಕು ಜನ ನಿನಗೆ ಬುದ್ಧಿ ಹೇಳಿದರು. ರುದ್ರಪ್ಪನವರು, ಪಾಪ ರುದ್ರಾಣಮ್ಮ ಎಷ್ಟು ದಿನ ಊಹಿಸಿಕೊಂಡು ಬರೆಯಬೇಕು ಎಂದು ನನ್ನ ಪರ ವಹಿಸಿದರು.

ಮಾರನೇ ದಿನ ಸೆಟ್ ಕಳಿಸಿದೆವು, ಆದರೆ ಮೊಗ್ಗು ಆಗಲೇ ಹುರಿದ ಜೀರಿಗೆಯ ಹಾಗಾಗಿತ್ತು ಎಂದು ಗಿಡ್ಡಮ್ಮ ಹೇಳಿದಳು. ನಮ್ಮ ತೋಟದಲ್ಲಿ ಆ ವಾರವೇ ಹೂವು ಬಿಟ್ಟಿತು. ಅಷ್ಟು ಹೂವನ್ನು ನಾನು ಈ ಮನೆಗೆ ಬಂದ ಮೇಲೆ ನೋಡಿಲ್ಲ. ರಸ್ತೆಯಲ್ಲಿ ಹೋಗುವ ಬಸ್ಸಿನವರು ತಲೆ ಹೊರಗೆ ಹಾಕಿ ನೋಡಿದರು. ಇವರು, ಬಂದು ನೋಡೇ, ಹೇಗೆ ಬಂದಿದೆ ಎಂದು ನನ್ನ ಕೈ ಹಿಡಿದು ಕರೆದರು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ. ನಾನು ತಲೆನೋವೆಂದು ಕಿಟಕಿ ಬಾಗಿಲು ಹಾಕಿಕೊಂಡು ಮಲಗಿದೆ. ವಾಸನೆ ಸಂದಿಯಲ್ಲೆಲ್ಲ ಒಳಗೆ ಬರುತ್ತಿತ್ತು.

ಇವತ್ತು ಬೆಳಿಗ್ಗೆ ನಮ್ಮ ಮನೆಯವರಿಗೆ ಹೇಳಿದೆ, ನಾನು ಅವತ್ತು ಫೋನ್ ಮಾಡಿರಲಿಲ್ಲ ಎಂದು. ಅವರು ತಿಂಡಿ ಅರ್ಧಕ್ಕೇ ಬಿಟ್ಟು ಎದ್ದು ಕಣದ ಕಡೆ ಹೋದರು. ತಿರುಗಿ ಬಂದು, ಸಾಕ್ಷಿ ನಾನು ಹಾಕಲ್ಲ, ನೀನೇ ಬಂದು ಮೂರ್ತಿಯವರ ಮುಂದೆ ಹೇಳು ಎಂದರು. ಅಷ್ಟೇ ಮಾತು. ಸೋಮವಾರ ನಾವಿಬ್ಬರೂ ಮೂಡಿಗೆರೆಗೆ ಬರುತ್ತೇವೆ. ಭಾವನವರ ಮುಂದೆ, ಲೀಸಿನ ಪಾರ್ಟಿಯವರು ಇದ್ದರೂ ಸರಿ, ಅವರ ಮುಂದೆಯೇ ಹೇಳುತ್ತೇನೆ. ಬೆಳೆ ಹೋದದ್ದು ನಿನ್ನ ಕೈಯಿಂದಲ್ಲ, ನನ್ನ ಕೈಯಿಂದ. ನಿನಗೆ ಕೊಟ್ಟ ವರ್ಷವನ್ನು ನಾನು ತಿಂದಿದ್ದೇನೆ, ಆದ್ದರಿಂದ ಇನ್ನೊಂದು ವರ್ಷ ನಿನಗೆ ಸೇರಬೇಕು. ಈ ಸಲ ಮಳೆ ಹೇಗೇ ಬರಲಿ, ಸೆಟ್ ಮೊದಲು ನಿನ್ನಲ್ಲಿಗೆ. ಇವರು ಒಪ್ಪಿದ್ದಾರೆ. ಮಳೆಪಟ್ಟಿ ಬರೆಯುವುದನ್ನೂ ಬಿಟ್ಟಿದ್ದೇನೆ. ಯಾಕೆ ಬಿಟ್ಟೆ ಎಂದು ಫೋರಂನಲ್ಲಿ ನನ್ನ ಹೆಸರಿನಲ್ಲೇ ಬರೆದು ಹಾಕಿದ್ದೇನೆ, ನಿನ್ನ ಆ ಕ್ಷಮೆಯ ಕೆಳಗೇ. ಅದು ಅಲ್ಲಿಯೇ ಇರಲಿ.

ನನ್ನನ್ನು ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ಕ್ಷಮಿಸಿಬಿಡುತ್ತೀಯ, ಅದೇ ನನಗೆ ಹೆದರಿಕೆ. ಸೋಮವಾರ ನನ್ನ ಜೊತೆ ಮಾತಾಡಬೇಕೆಂದೇನೂ ಇಲ್ಲ. ಮುಖ ತಿರುಗಿಸಿಕೊಂಡು ಕೂತರೂ ಸರಿ. ಮಂಡಿಗೆ ಕೊಟ್ಟ ಎಣ್ಣೆಯನ್ನು ವಾಪಸ್ ಕಳಿಸಲೋ ಇಟ್ಟುಕೊಳ್ಳಲೋ ತಿಳಿಯುತ್ತಿಲ್ಲ.

ಅಕ್ಕ ಎಂದು ನೀನು ಕರೆಯುತ್ತಿದ್ದ,
ರುದ್ರಾಣಿ

ತಾ.ಕ.: ಕಾಗದ ಮಡಚಿ ಗಿಡ್ಡಮ್ಮನ ಕೈಗೆ ಕೊಟ್ಟೂ ಆಗಿತ್ತು. ಅವಳು ಗೇಟು ದಾಟಿದ ಮೇಲೆ ಓಡಿ ಹೋಗಿ ವಾಪಸ್ ತಂದಿದ್ದೇನೆ. ಸೋಮವಾರ ಭಾವನವರು ಕೇಳಿಯೇ ಕೇಳುತ್ತಾರೆ, ನಾಲ್ಕು ಚೌಕದಲ್ಲಿ ಇವಳು ಕಳಿಸಿದ್ದು ಏನು ಎಂದು ಯಾರಿಗೆ ಗೊತ್ತು, ಈಗ ಹೆಂಗಸರಿಬ್ಬರೂ ಸೇರಿ ಕತೆ ಕಟ್ಟುತ್ತಿದ್ದೀರಿ ಎಂದು. ನಿನ್ನ ಫೋನು ಮಳೆಗಾಲದಲ್ಲಿ ಟ್ಯಾಂಕಿಗೆ ಬಿದ್ದು ಹೋಯಿತು, ತೋರಿಸಲು ನಿನ್ನ ಹತ್ತಿರ ಏನೂ ಇಲ್ಲ. ಅದಕ್ಕೆ ಪ್ರಸನ್ನ ಕೊಟ್ಟ ನನ್ನ ಫೋನನ್ನು ಈ ಕಾಗದದ ಜೊತೆ ಚೀಲದಲ್ಲಿ ಇಟ್ಟಿದ್ದೇನೆ. ಚಾರ್ಜ್ ತುಂಬಿದೆ. ಸುಟ್ಟ ಚಾರ್ಜರ್‌ಗೆ ಬದಲಿ ಕಳೆದ ವರ್ಷ ಸಂಕ್ರಾಂತಿಗೇ ಮೂಡಿಗೆರೆಯ ಸಂತೆಯಲ್ಲಿ ಸಿಕ್ಕಿತ್ತು, ಚೌಕ ಓದುವವಳು ಎಂಬ ಹೆಸರು ಹೋಗುತ್ತದೆಂದು ನಿನಗೆ ಹೇಳಿರಲಿಲ್ಲ. ಊಹೆ ಎಂದು ಮೇಲೆ ಬರೆದಿದ್ದೇನಲ್ಲ, ಅದನ್ನು ಹೊಡೆದುಹಾಕಿಕೊಂಡು ಓದು. ಮೂಡಿಗೆರೆಯಲ್ಲಿ ಸಿಗ್ನಲ್ ಚೆನ್ನಾಗಿರುತ್ತದೆ. ಭಾವನವರ ಮುಂದೆ ಇದರಲ್ಲಿ ಫೋರಂ ತೆರೆದು ಮಾರ್ಚ್ ಹನ್ನೊಂದಕ್ಕೆ ಹೋಗು. ನಿನ್ನ ಹೆಸರಿನ ಮುಂದೆ ಒಂದು ಕೊಡೆ, ಎರಡು ಸೂರ್ಯ, ಒಂದು ಮುಗಿದ ಕೈ ಬಣ್ಣಬಣ್ಣವಾಗಿ ಕಾಣುತ್ತದೆ. ಈ ಫೋನಿನಲ್ಲಿ ಚೌಕ ಕಾಣುವುದಿಲ್ಲ ಭುವನಾ. ಅವತ್ತು ಬೆಳಿಗ್ಗೆ ನಾನು ಇದರಲ್ಲಿ ನೋಡಿದಾಗಲೂ ಕಂಡಿರಲಿಲ್ಲ.